ತೊಂಬತ್ತಾರನೆಯ ಪುಟ

ಪಂಕ್ಚರ್ ಹಾಕುವ ಸೊಲ್ಯೂಷನ್ ಮತ್ತು ಗ್ರೀಸ್, ಈ ಎರಡರ ವಾಸನೆ ಒಟ್ಟಿಗೆ ಮೂಗಿಗೆ ಬಂದರೆ ನನ್ನ ಅಂಗೈ ಈಗಲೂ ಬೆವರುತ್ತದೆ. ಹೋದ ತಿಂಗಳು ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಹಾಗೇ ಆಯಿತು. ಹನ್ನೊಂದು ವರ್ಷದಿಂದ ಆ ಊರಿನಲ್ಲಿ ಬಸ್ಸು ಬದಲಿಸುವಾಗೆಲ್ಲ ನಾನು ಸೇತುವೆಯ ಕಡೆಗೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದೆ. ಆ ಕಡೆ ಖಾದರ್ ಎಂಬುವವರ ಸೈಕಲ್ ಶಾಪ್ ಇದೆ. ಅವತ್ತು ಗಾಳಿ ಆ ದಿಕ್ಕಿನಿಂದಲೇ ಬೀಸಿತು. ಸಾವಿರದ ಒಂಬೈನೂರ ಎಪ್ಪತ್ತಾರರ ಜಗಳೂರು ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳೇ, ಮರೆತಿದ್ದರಲ್ಲವೇ ನೆನಪಾಗುವುದು.

ನಾನು ಚನ್ನಗಿರಿ ತಾಲ್ಲೂಕಿನ ನಲ್ಲೂರಿನವಳು. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಪೊಟ್ಟಣ ಕಟ್ಟಲು ತರುತ್ತಿದ್ದ ರದ್ದಿಯಲ್ಲಿ ಒಮ್ಮೆ ಒಂದು ಹಳೆಯ ವಿಮಾನದ ಚಿತ್ರ ಸಿಕ್ಕಿತ್ತು. ಎರಡು ಅಂತಸ್ತಿನ ರೆಕ್ಕೆ, ನಡುವೆ ತಂತಿಗಳು. ಅದನ್ನು ಬೆಲ್ಲದ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದೆ. ಬೆಂಕಿಪೊಟ್ಟಣ ಕೊಳ್ಳಲು ಬಂದ ಒಬ್ಬ ಹಿರಿಯರು ಅದನ್ನು ನೋಡಿ, ಚಿಲ್ಲರೆ ಇಸಿದುಕೊಳ್ಳುವುದನ್ನೂ ಮರೆತು ನಿಂತರು. ಅವರು ನ್ಯಾಮತಿಯ ರುದ್ರಪ್ಪನವರು. ಹದಿನೆಂಟು ವರ್ಷ ವಾಯುಸೇನೆಯಲ್ಲಿ ಇಂಜಿನ್ ಮೆಕ್ಯಾನಿಕ್ ಆಗಿದ್ದು ಊರಿಗೆ ಬಂದಿದ್ದರು. ಬರುವಾಗ ಒಂದು ಟ್ರಂಕಿನ ತುಂಬ ವಿಮಾನಗಳ ಚರಿತ್ರೆಯ ಇಂಗ್ಲಿಷ್ ಪುಸ್ತಕ ತಂದಿದ್ದರು. ಎಲ್ಲ ಫುಟ್‌ಪಾತಿನ ಹಳೆ ಪುಸ್ತಕದವರಿಂದ ಕೊಂಡದ್ದು, ಬಹಳಷ್ಟಕ್ಕೆ ರಟ್ಟೇ ಇರಲಿಲ್ಲ. ಮುಂದಿನ ವಾರ ಅದರಲ್ಲೊಂದನ್ನು ತಂದು ನನ್ನ ಕೈಗೆ ಕೊಟ್ಟರು. ಆಗ ನನಗೆ ಹದಿನಾರು.

ಅವರು ಪುಸ್ತಕವನ್ನು ಎರವಲು ಕೊಡುತ್ತಿರಲಿಲ್ಲ, ದಾನವನ್ನೂ ಮಾಡುತ್ತಿರಲಿಲ್ಲ. ಓದಿದವರು ಮುಂದಿನವರಿಗೆ ದಾಟಿಸಬೇಕು, ಅಷ್ಟೇ. ಸುತ್ತಲಿನ ಊರುಗಳಲ್ಲಿ ವಿಮಾನದ ಹುಚ್ಚಿನ ಹುಡುಗರನ್ನು ಹೇಗೋ ಹುಡುಕಿ ಇಟ್ಟಿದ್ದರು. ಪುಸ್ತಕ ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿತ್ತು. ಸಿಮೆಂಟ್ ಚೀಲದ ಕಾಗದದಲ್ಲಿ ಸುತ್ತಿ ಕಂಡಕ್ಟರ್ ಕೈಗೆ ಕೊಟ್ಟರೆ, ಆ ಊರಿನ ಸ್ಟ್ಯಾಂಡಿನಲ್ಲಿ ಯಾರು ಬಂದು ಕೇಳುತ್ತಾರೋ ಅವರಿಗೆ ಸೇರುತ್ತಿತ್ತು. ಪೊಟ್ಟಣದ ಮೇಲೆ ಹೆಸರು ಬರೆಯುವ ರೂಢಿ ಇರಲಿಲ್ಲ. ಹಾಗಾಗಿ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಬರೀ ಕೈಬರಹದ ಪರಿಚಯ.

ಕೈಬರಹ ಏಕೆಂದರೆ ಪ್ರತಿ ಪುಸ್ತಕದ ಕೊನೆಗೆ ರುದ್ರಪ್ಪನವರು ಗೆರೆ ಎಳೆದ ಒಂದು ಹಾಳೆ ಅಂಟಿಸಿರುತ್ತಿದ್ದರು. ತಾರೀಖು, ಹೆಸರು, ಊರು, ಕಂಡ ದೋಷ, ಮಾಡಿದ ದುರಸ್ತಿ, ಸಹಿ. "ಸೈನ್ ಇಲ್ದ ವಿಮಾನ ಮೇಲಕ್ಕೇಳಂಗಿಲ್ಲ ಕಣವ್ವ" ಎನ್ನುತ್ತಿದ್ದರು. "ಯಾರ್ ಮುಟ್ಟಿದ್ರೋ ಅವರು ಬರೀಬೇಕು. ಏನ್ ಕೆಟ್ಟಿತ್ತು, ಏನ್ ಸರಿ ಮಾಡ್ದೆ. ಕೆಳಗೆ ನಮ್ ಹೆಸ್ರು. ಮೇಲೆ ಹೋದೋನ ಜೀವ ಆ ಹೆಸ್ರಿನ ಮ್ಯಾಲೆ ಕುಂತಿರ್ತದೆ. ಹದಿನೆಂಟು ವರ್ಸದಾಗೆ ನಾನು ಒಂದು ಸುಳ್ಳು ಸೈನ್ ಹಾಕಿಲ್ಲ." ಈ ಮಾತು ಹೇಳುವಾಗ ಮಾತ್ರ ಅವರು ಸ್ವಲ್ಪ ಜಂಬ ಪಡುತ್ತಿದ್ದರು.

ನನಗೆ ಬಂದ ಆ ಮೊದಲ ಪುಸ್ತಕದ ತೊಂಬತ್ತಾರನೆಯ ಪುಟದಲ್ಲಿ ಒಬ್ಬ ಹೆಂಗಸು ವಿಮಾನದ ರೆಕ್ಕೆಗೆ ಕೈಯೂರಿ ನಿಂತಿದ್ದಳು. ಚರ್ಮದ ಟೋಪಿ, ಧೂಳು ಹಿಡಿದ ಮುಖ. ಇದನ್ನು ಹಾರಿಸುವವಳು ನಾನೇ ಎನ್ನುವ ಹಾಗೆ ನೋಡುತ್ತಿದ್ದಳು. ಆ ಪುಸ್ತಕ ದಾಟಿಸುವ ದಿನ ನನ್ನಿಂದ ಆಗಲಿಲ್ಲ. ಬ್ಲೇಡಿನಿಂದ ಹಾಳೆ ಕತ್ತರಿಸಿಕೊಂಡೆ. ಆದರೆ ಸುಳ್ಳು ಬರೆಯಲೂ ಆಗಲಿಲ್ಲ. ಕೊನೆಯ ಹಾಳೆಯಲ್ಲಿ, "ಪುಟ ತೊಂಬತ್ತಾರು ಇಲ್ಲ. ನಾನೇ ತೆಗೆದಿದ್ದೇನೆ. ಕ್ಷಮಿಸಿ. ಗಿರಿಜಾ, ನಲ್ಲೂರು" ಎಂದು ಬರೆದೆ. ಪೆನ್ಸಿಲಿನಲ್ಲಿ ಬರೆದೆ. ಎಲ್ಲರೂ ಇಂಕಿನಲ್ಲಿ ಬರೆದಿದ್ದರು, ನಾನೊಬ್ಬಳೇ ಪೆನ್ಸಿಲ್. ಧೈರ್ಯ ಅಷ್ಟೇ ಇದ್ದದ್ದು.

ಐದು ವರ್ಷದ ಮೇಲೆ, ಜಗಳೂರಿನ ತಾಲ್ಲೂಕು ಕಚೇರಿಯಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಖಾಯಂ ಅಲ್ಲ, ಆರು ತಿಂಗಳಿಗೊಮ್ಮೆ ಮುಂದುವರಿಸುವ ಕೆಲಸ. ನಲ್ಲೂರಿನ ಹಸಿರು ಕಂಡವಳಿಗೆ ಜಗಳೂರಿನ ಬಯಲು ಮೊದಮೊದಲು ಕಣ್ಣು ಚುಚ್ಚುತ್ತಿತ್ತು. ಮೂಡಗಾಳಿ ಶುರುವಾದರೆ ಟೈಪ್‌ರೈಟರಿನ ಕೀಲಿಗಳ ಮಧ್ಯೆ ಧೂಳು ಕೂರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕುರಿಮಂದೆ ದಾಟುವವರೆಗೆ ಬಸ್ಸೂ ಕಾಯಬೇಕು, ನಾವೂ ಕಾಯಬೇಕು. ಎಲ್ಲದಕ್ಕೂ ಹೊಂದಿಕೊಂಡೆ. ಹೊಂದಿಕೊಳ್ಳಲಾಗದ್ದು ಆ ವರ್ಷದ ಹೆದರಿಕೆಗೆ.

ತುರ್ತು ಪರಿಸ್ಥಿತಿ ಬಂದು ಎರಡನೆಯ ವರ್ಷ ಅದು. ಕಚೇರಿಯಲ್ಲಿ ಜನ ಜೋರಾಗಿ ನಗುವುದನ್ನೇ ಬಿಟ್ಟಿದ್ದರು. ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ಮೀಸಾ ಕಾಯ್ದೆಯ ಹೆಸರು ಬಂದರೆ ಹೆಡ್ ಕ್ಲರ್ಕ್ ಎದ್ದು ಹೋಗಿ ಬಾಗಿಲ ಹೊರಗೆ ಇಣುಕಿ ಬರುತ್ತಿದ್ದರು. ಬಸ್ಸುಗಳಲ್ಲಿ ಸರ್ಕಾರದ ವಿರುದ್ಧದ ಕರಪತ್ರ ಓಡಾಡುತ್ತಿವೆ ಎಂದು ಹೊರಗಿನಿಂದ ಒಂದು ತಪಾಸಣೆಯ ತಂಡ ಬಂದು ಪ್ರವಾಸಿ ಮಂದಿರದಲ್ಲಿ ತಂಗಿತ್ತು.

ಅದೇ ಹೊತ್ತಿಗೆ ರುದ್ರಪ್ಪನವರ ಕಾರ್ಡು ಬಂತು. "ಆ ಪುಸ್ತಕ ಊರೂರು ಸುತ್ತಿ ಹೊನ್ನಾಳಿಯ ಖಾದರ್ ಹತ್ತಿರ ಇದೆ. ಸೋಮವಾರದ ಬಸ್ಸಿಗೆ ನಿನಗೆ ಕಳಿಸಲು ಹೇಳಿದ್ದೇನೆ. ಹಾಳೆ ಅಂಟಿಸಿ ಇಂಕಿನಲ್ಲಿ ಸಹಿ ಮಾಡು. ಪೆನ್ಸಿಲ್ ಸಹಿ ಸಹಿಯಲ್ಲ." ಐದು ವರ್ಷ ಅವರು ಆ ಹಾಳೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಹಾಳೆ ಅಂಟಿಸಲು ಅಂಗಡಿಯಿಂದ ಗೋಂದು ತಂದಿಟ್ಟುಕೊಂಡೆ.

ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಟ್ಯಾಂಡಿಗೆ ಹೋದೆ. ಬಸ್ಸು ಬಂದಿತ್ತು, ಆದರೆ ಜನ ಇಳಿದು ಸಾಲಾಗಿ ನಿಂತಿದ್ದರು. ತಪಾಸಣೆಯ ತಂಡದ ಇಬ್ಬರು ಗಂಟುಮೂಟೆ ಬಿಚ್ಚಿಸುತ್ತಿದ್ದರು. ಸಿಮೆಂಟ್ ಕಾಗದದ ಪೊಟ್ಟಣ ನನ್ನ ಕಣ್ಣೆದುರಿಗೇ ಬಿಚ್ಚಿಕೊಂಡಿತು. ಬಾಂಬರ್ ವಿಮಾನಗಳ ಚಿತ್ರ, ನಕ್ಷೆ, ಕೊನೆಯಲ್ಲಿ ಊರು, ಹೆಸರು, ತಾರೀಖುಗಳ ಪಟ್ಟಿ. ಅವರಲ್ಲೊಬ್ಬ ಪಟ್ಟಿಯನ್ನು ಇನ್ನೊಬ್ಬನಿಗೆ ತೋರಿಸಿದ. ನಮಗೆ ಅದು ಓದುವವರ ಪಟ್ಟಿ. ಅವತ್ತು ಅವರ ಕಣ್ಣಿನಿಂದ ನೋಡಿದಾಗ ನನಗೂ ಅದೊಂದು ಗುಪ್ತ ಸಂಘದ ಹಾಗೇ ಕಂಡಿತು.

"ಯಾರು ಕೊಟ್ಟಿದ್ದು ಇದು?"

"ಹೊನ್ನಾಳಿ ಸೈಕಲ್ ಶಾಪಿನ ಖಾದರ್ ಸಾರ್" ಎಂದರು ಕಂಡಕ್ಟರ್. ತಿಂಗಳಿಗೊಮ್ಮೆ ನನಗೆ ಪೊಟ್ಟಣ ಕೊಟ್ಟು, "ಏನವ್ವ, ವಿಮಾನ ಕೊಳ್ಳೋದು ಯಾವಾಗ?" ಎಂದು ಕಾಡುತ್ತಿದ್ದ ಮನುಷ್ಯ.

"ಇಲ್ಲಿ ಯಾರಿಗೆ?"

ಕಂಡಕ್ಟರ್ ತಲೆಯೆತ್ತಿದರು. ಹತ್ತು ಮಾರು ದೂರದಲ್ಲಿ ನಾನು ನಿಂತಿದ್ದೆ. ಅವರ ಕಣ್ಣು ನನ್ನ ಮೇಲೆ ಬಂದು, ನಿಲ್ಲದೆ, ಪಕ್ಕದ ಶೇಂಗಾ ಗಾಡಿಗೆ ಹೋಯಿತು. "ಯಾರು ಬಂದು ಕೇಳ್ತಾರೋ ಅವರಿಗೆ ಸಾರ್. ಹೆಸ್ರು ಹೇಳಿಲ್ಲ." ಕಪಾಳಕ್ಕೆ ಬಿದ್ದ ಏಟಿನ ಸದ್ದು ಶೇಂಗಾದವನಿಗೂ ಕೇಳಿಸಿತು. ನಾನು ಏಕೋ ಅವನಿಂದ ಶೇಂಗಾ ಕೊಂಡೆ, ಕೊಂಡು ಕಚೇರಿಯ ಕಡೆ ನಡೆದೆ. ಓಡಬಾರದು ಎಂಬುದೊಂದೇ ತಲೆಯಲ್ಲಿತ್ತು.

ಬಾಡಿಗೆ ಕೋಣೆಗೆ ಬಂದು ಕಾರ್ಡನ್ನು ಬಚ್ಚಲೊಲೆಗೆ ಹಾಕಿದೆ. ಹಾಳೆಯನ್ನೂ ಹಾಕಬೇಕೆಂದು ಕೈಯಲ್ಲಿ ಹಿಡಿದೆ. ಅದರ ಹಿಂಬದಿ ತೊಂಬತ್ತೈದನೆಯ ಪುಟ. ಐದು ವರ್ಷ ನಾನು ಸರಿಯಾಗಿ ನೋಡಿಯೂ ಇರಲಿಲ್ಲ. ಆಕಾಶದಿಂದ ತೆಗೆದ ಚಿತ್ರ ಅದು, ಒಂದು ನದಿ, ಮೇಲೊಂದು ಉದ್ದದ ಸೇತುವೆ. ಖಾದರ್ ಅಂಗಡಿ ಇರುವುದು ಹೊನ್ನಾಳಿಯ ಸೇತುವೆಯ ಹತ್ತಿರ. ಪುಸ್ತಕದ ಮೊದಲಲ್ಲಿ ಚಿತ್ರಗಳ ಪಟ್ಟಿ ಇದೆ. ಯಾವ ಚಿತ್ರ ಮಾಯವಾಗಿದೆ ಎಂದು ಯಾರು ಬೇಕಾದರೂ ಕಂಡುಹಿಡಿಯಬಹುದು. ಸೇತುವೆ ಉರುಳಿಸುವ ಸಂಚು ಎಂದೇ ಅವರು ತಿಳಿಯುತ್ತಾರೆ. ಸುಡೋಣವೆಂದರೆ ಆ ಹೆಂಗಸು ನೋಡುತ್ತಿದ್ದಳು. ಕೊನೆಗೆ ಮರುದಿನ ಬೇಗ ಕಚೇರಿಗೆ ಹೋಗಿ, ಟೈಪ್‌ರೈಟರಿನ ಕೆಳಗೆ ಹಾಸುವ ಮೆತ್ತೆಗೂ ಅದರ ಕೆಳಗಿನ ಹಲಗೆಗೂ ನಡುವೆ ಹಾಳೆಯನ್ನು ಇಟ್ಟೆ. ಕೋಣೆಯನ್ನು ಶೋಧಿಸಿದರೆ ಸಿಗಬಾರದು. ಸರ್ಕಾರದ ಮಿಷನ್ನನ್ನು ಯಾರು ಎತ್ತಿ ನೋಡುತ್ತಾರೆ ಎಂದುಕೊಂಡೆ.

ಬುಧವಾರ ಹೆಡ್ ಕ್ಲರ್ಕ್ ಕರೆದರು. "ಪ್ರವಾಸಿ ಮಂದಿರದಾಗೆ ಏನೋ ಪಟ್ಟಿ ಟೈಪ್ ಮಾಡಾಕೆ ಐತಂತೆ. ಇಂಗ್ಲಿಷಿಗೆ ಮಾಡಿ ಚಿತ್ರದುರ್ಗಕ್ಕೆ ಕಳಿಸ್ಬೇಕಂತೆ. ಅವರತ್ರ ಮಿಷನ್ ಇಲ್ಲ. ನಿಮ್ಮ ಮಿಷನ್ನೇ ಹೊತ್ಕೊಂಡು ಹೋಗಾಕೆ ಹೇಳೀನಿ." ನಾನು ಬಾಯಿ ತೆರೆಯುವಷ್ಟರಲ್ಲಿ ಜವಾನ ಹಲಗೆ, ಮೆತ್ತೆ, ಮಿಷನ್ನು ಎಲ್ಲ ಸೇರಿಸಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡಿದ್ದ. ಅವನ ಹಿಂದೆ ನಡೆದೆ. ದಾರಿಯುದ್ದಕ್ಕೂ ಹಲಗೆಯ ಅಂಚನ್ನೇ ನೋಡುತ್ತಿದ್ದೆ.

ತಂಡದ ಸಾಹೇಬರು ಒರಟರಾಗಿರಲಿಲ್ಲ. "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದು ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. ಕಾರ್ಡು ಬಂದಾಗಿನಿಂದ ಕಾಯುತ್ತಿದ್ದ ಪುಸ್ತಕ, ಕೊನೆಗೂ ಕೈಗೆ ಬಂತು. ಗ್ರೀಸಿನ ವಾಸನೆ, ಸೊಲ್ಯೂಷನ್ನಿನ ವಾಸನೆ. ಬಿಟ್ಟುಹೋಗಿದ್ದ ಬೆನ್ನನ್ನು ಯಾರೋ ಟ್ಯೂಬಿನ ತುಂಡಿನಿಂದ ಅಂಟಿಸಿದ್ದರು. ತಲೆಯೆತ್ತಿದರೆ ಎದುರು ಗೋಡೆಗೆ ಒರಗಿ ನೆಲದ ಮೇಲೆ ಒಬ್ಬ ಯುವಕ ಕೂತಿದ್ದ. ಉಗುರುಗಳ ಸುತ್ತ ಕಪ್ಪು. ತುಟಿ ಒಣಗಿತ್ತು. ಅವನ ಕಣ್ಣು ನನ್ನ ಮೇಲಿರಲಿಲ್ಲ, ಪುಸ್ತಕದ ಮೇಲಿತ್ತು. ಅವನ ಹೆಸರನ್ನು ಯಾರೂ ಹೇಳಬೇಕಾಗಿರಲಿಲ್ಲ.

"ಓದಲು ಬರುವುದನ್ನೆಲ್ಲ ಟೈಪ್ ಮಾಡಿ. ಅಳಿಸಿಹೋಗಿರುವುದನ್ನು ಬಿಡಿ" ಎಂದರು ಸಾಹೇಬರು. ನಡುವೆ ಬಗ್ಗಿ, "ಬಾಲದ ಹತ್ತಿರ ಸಡಿಲ, ಬಿಗಿ ಮಾಡಿದೆ. ಇದರ ಅರ್ಥ ಏನು?" ಎಂದು ನನ್ನನ್ನೇ ಕೇಳಿದರು. ವಿಮಾನದ ಬಾಲದ ಬಗ್ಗೆ ಇರುವ ಅಧ್ಯಾಯದಲ್ಲಿ ಪುಸ್ತಕದ ಹೊಲಿಗೆ ಸಡಿಲವಾಗಿತ್ತು, ಅಷ್ಟೇ ಎಂದು ನನಗೆ ಗೊತ್ತಿತ್ತು. "ಗೊತ್ತಿಲ್ಲ ಸಾರ್" ಎಂದೆ. ಆಮೇಲೆ ಗೋಡೆಯ ಕಡೆ ತಿರುಗಿ, ಅದೇ ಮೆಲುದನಿಯಲ್ಲಿ, "ಸೇತುವೆಯ ಹಾಳೆ ಎಲ್ಲಿ?" ಎಂದರು.

"ನನ್ ಕೈಗೆ ಬಂದಾಗ್ಲೇ ಇರ್ಲಿಲ್ಲ ಸಾಹೇಬ್ರೇ."

"ಯಾರು ತೆಗೆದರು?"

ಖಾದರ್ ಪುಸ್ತಕದಿಂದ ಕಣ್ಣು ತೆಗೆದು ನೆಲ ನೋಡಿದ. ಸಾಹೇಬರು ಚಹಾದ ಲೋಟವನ್ನು ನನ್ನ ಹಲಗೆಯ ಮೂಲೆಯಲ್ಲಿ ಇಟ್ಟರು. ಆ ಲೋಟಕ್ಕೂ ಅವರು ಕೇಳುತ್ತಿದ್ದ ಹಾಳೆಗೂ ನಡುವೆ ಒಂದು ಗೇಣೂ ಇರಲಿಲ್ಲ.

ಪಟ್ಟಿಯಲ್ಲಿ ಎಂಟು ಹೆಸರುಗಳಿದ್ದವು. ನಾಲ್ಕನೆಯದು ನನ್ನದು. ಐದು ವರ್ಷದ ಕೈಗಳು ತಾಗಿ ಪೆನ್ಸಿಲ್ ಮಾಸಿತ್ತು, ಮೇಲೊಂದು ಅಡಿಕೆ ಕಲೆ. ಬೆಳಕಿಗೆ ಓರೆಯಾಗಿ ಹಿಡಿದವರಿಗೆ ಮಾತ್ರ ಓದಲು ಬರುವಷ್ಟು ಉಳಿದಿತ್ತು. 'ನಾನೇ ತೆಗೆದಿದ್ದೇನೆ.' ಆ ಒಂದು ಸಾಲು ಟೈಪಾದರೆ ಎದುರಿಗೆ ಕೂತವನು ಎದ್ದು ಮನೆಗೆ ಹೋಗಬಹುದಿತ್ತು. ಟೈಪಾದರೆ ಅವನ ಜಾಗದಲ್ಲಿ ನಾನು. ಅಪ್ಪನ ಅಂಗಡಿ, ಆರು ತಿಂಗಳ ಕೆಲಸ, ಮದುವೆಯಾಗದ ಹುಡುಗಿಯನ್ನು ಜೀಪಿನಲ್ಲಿ ಕೂರಿಸಿದರಂತೆ ಎಂದು ನಲ್ಲೂರಿನಲ್ಲಿ ಹಬ್ಬುವ ಮಾತು. ಇಷ್ಟೆಲ್ಲ ಯೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಅವತ್ತು ಏನೂ ಯೋಚಿಸಲಿಲ್ಲ. ಮೂರನೆಯ ಹೆಸರು ಮುಗಿಸಿ, ಸಾಲು ಬದಲಿಸಿ, ಐದನೆಯ ಹೆಸರು ಹೊಡೆದೆ. ಬೆರಳುಗಳೇ ದಾಟಿಬಿಟ್ಟವು. ಎರಡು ಕಾರ್ಬನ್ ಪ್ರತಿ ಸೇರಿ ಮೂರು ಪ್ರತಿ. ಮೂರರಲ್ಲೂ ಏಳೇ ಹೆಸರು.

ಮಾರನೆಯ ದಿನ ಬೆಳಗಿನ ಬಸ್ಸಿಗೆ ರುದ್ರಪ್ಪನವರು ಬಂದಿಳಿದರು. ಹೆಗಲ ಮೇಲೆ ಅದೇ ಟ್ರಂಕು. ಕಚೇರಿಯ ಕಿಟಕಿಯಿಂದ ಕಂಡೆ. ಅವರು ನೇರ ಪ್ರವಾಸಿ ಮಂದಿರಕ್ಕೆ ಹೋಗದೆ ನಮ್ಮ ಕಾಂಪೌಂಡಿನ ಬೇವಿನ ಮರದ ಕೆಳಗೆ ಟ್ರಂಕು ಇಳಿಸಿ ನಿಂತರು. ನಾನು ಅಲ್ಲೇ ಕೆಲಸ ಮಾಡುವುದು ಅವರಿಗೆ ಗೊತ್ತಿತ್ತು. ಸುಧಾರಿಸಿಕೊಳ್ಳಲು ನಿಂತರೋ, ನನಗಾಗಿ ಕಾದರೋ. ನಾನು ಮಿಷನ್ನಿನ ಹಿಂದೆ ತಲೆ ತಗ್ಗಿಸಿದೆ. ಮತ್ತೆ ತಲೆಯೆತ್ತಿದಾಗ ಮರದ ಕೆಳಗೆ ಯಾರೂ ಇರಲಿಲ್ಲ. ಸಂಜೆ ಜವಾನ ಹೇಳಿದ, ಯಾರೋ ಮಿಲಿಟರಿ ಮುದುಕ ಬಂದು ಎಲ್ಲ ತನ್ನದೇ ಎಂದು ಬರೆದುಕೊಟ್ಟನಂತೆ, ಹೊನ್ನಾಳಿಯ ಹುಡುಗನನ್ನು ಬಿಟ್ಟರಂತೆ.

ಟ್ರಂಕನ್ನೂ ಪುಸ್ತಕವನ್ನೂ ಇಟ್ಟುಕೊಂಡರು, ತುರ್ತು ಪರಿಸ್ಥಿತಿ ಮುಗಿದ ಮೇಲೆ ವಾಪಸ್ಸು ಕೊಟ್ಟರಂತೆ. ರುದ್ರಪ್ಪನವರು ವಾರಕ್ಕೊಮ್ಮೆ ನ್ಯಾಮತಿಯಿಂದ ಹೊನ್ನಾಳಿಗೆ ಹೋಗಿ ರಿಜಿಸ್ಟರಿನಲ್ಲಿ ಸಹಿ ಹಾಕಿ ಬರಬೇಕಾಯಿತು, ಮುಂದಿನ ವರ್ಷ ಎಲ್ಲ ಮುಗಿಯುವವರೆಗೆ. ನನಗೆ ಒಂದು ಕಾರ್ಡು ಬಂತು. "ಎಲ್ಲ ಸರಿಹೋಯಿತು. ಹೆದರಬೇಡ." ಹೆದರಿಕೆ ಹೋಗಲಿಲ್ಲ. ಎಂಟು ಮತ್ತು ಏಳನ್ನು ಯಾರಾದರೂ ಒಂದು ದಿನ ಎಣಿಸುತ್ತಾರೆ ಎಂದು, ಜೀಪಿನ ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕಾಲ ಬದಲಾದ ಮೇಲೆ ಆ ಹೆದರಿಕೆ ಹೋಗಿ ಇನ್ನೊಂದು ಬಂತು, ಅವರ ಮುಖ ನೋಡುವ ಹೆದರಿಕೆ. ಅವರು ಮತ್ತೊಂದು ಪುಸ್ತಕ ಕಳಿಸಿದಾಗ ಕೆಲಸ ಜಾಸ್ತಿ ಎಂದು ಹಿಂದಕ್ಕೆ ಕಳಿಸಿದೆ. ಆಮೇಲೆ ಅವರು ಕಳಿಸಲಿಲ್ಲ. ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಸುದ್ದಿ ತಿಳಿದರೂ ನ್ಯಾಮತಿಗೆ ಹೋಗಲಿಲ್ಲ. ಹಾಳೆ ಮಾತ್ರ ನನ್ನ ಪೆಟ್ಟಿಗೆಯ ತಳದಲ್ಲಿತ್ತು.

ಹೋದ ತಿಂಗಳು ಆ ಗಾಳಿ ಬೀಸಿದ ದಿನ, ಬಸ್ಸು ಬಿಟ್ಟು ಖಾದರ್ ಅಂಗಡಿಗೆ ಹೋದೆ. ರಿಮ್ಮುಗಳು ತೂಗುವ ಗೋಡೆಯ ಪಕ್ಕ ಒಂದು ಹಲಗೆ, ಅದರ ಮೇಲೆ ರುದ್ರಪ್ಪನವರ ಹತ್ತಿಪ್ಪತ್ತು ಪುಸ್ತಕ. ಪಿಯುಸಿ ಓದುವ ಹುಡುಗಿಯೊಬ್ಬಳು ನಿಂತು ಆರಿಸುತ್ತಿದ್ದಳು. ಖಾದರ್ ಕೂದಲು ನರೆತಿತ್ತು. ನನ್ನನ್ನು ಸ್ವಲ್ಪ ಹೊತ್ತು ನೋಡಿ, "ನೀವು ಟೈಪ್ ಮಾಡಿದೋರು" ಎಂದರು.

"ಹೌದು. ನನ್ನ ಹೆಸರು ಗಿರಿಜಾ. ನಲ್ಲೂರಿನವಳು."

ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು. "ಆ ಪೆನ್ಸಿಲ್ ಬರಹ ನಾನೂ ಓದಿದ್ನಲ್ಲ" ಎಂದರು. "ಮೂರು ದಿನ ಆ ಹೆಸ್ರು ನನ್ನ ಬಾಯಾಗಿತ್ತು. ಹೆಣ್ಮಗಳ ಹೆಸ್ರು ಅಲ್ಲಿ ಹೆಂಗೆ ಹೇಳಾದು ಅಂತ ಸುಮ್ನಿದ್ದೆ. ನಾನೇನ್ ದೊಡ್ಡೋನಲ್ಲ ಬಿಡ್ರಿ. ಮೂರನೇ ದಿನ ಹೇಳೇಬಿಡಾನ ಅನ್ಸಿತ್ತು. ಅಷ್ಟ್ರಾಗೆ ರುದ್ರಪ್ಪ ಯಜಮಾನ್ರು ಬಂದ್ರು."

"ಅವರು ಏನಂದರು?"

"ಸಾಹೇಬ್ರು ನಿಮ್ಮ ಟೈಪಿನ ಪಟ್ಟಿ ಕೊಟ್ಟು, ಇಷ್ಟೇ ಜನಾನಾ ಅಂತ ಕೇಳಿದ್ರು. ಯಜಮಾನ್ರು ಬೆರಳಿಟ್ಟು ಎಣಿಸಿದ್ರು. ಎರಡು ಸಲ ಎಣಿಸಿದ್ರು. ಆಮ್ಯಾಲೆ, ಇಷ್ಟೇ ಸಾರ್, ಆ ಹಾಳೆ ನಾನೇ ಕಿತ್ತು ಒಲೆಗೆ ಹಾಕೀನಿ ಅಂದ್ರು. ಬರೆದು ಸೈನ್ ಹಾಕಿದ್ರು. ಬಸ್ಸಿನಾಗೆ ವಾಪಸ್ ಬರೋವಾಗ ಊರು ಬರೋತಂಕ ಮಾತಿಲ್ಲ. ಸೇತುವೆ ಹತ್ರ ಬಂದಾಗ ಅಂದ್ರು, ಒಂದು ನಟ್ ಕಡಿಮಿ ಇತ್ತು ಖಾದರ್, ಗೊತ್ತಿದ್ದೂ ಸೈನ್ ಮಾಡಿಬಿಟ್ಟೆ."

ನಾನು ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅತ್ತೆ. ಹುಡುಗಿ ನೀರು ತಂದುಕೊಟ್ಟಳು.

ಮರುವಾರ ಹಾಳೆ ತೆಗೆದುಕೊಂಡು ಹೋದೆ. ಖಾದರ್ ಹಲಗೆಯಿಂದ ಆ ಪುಸ್ತಕ ತೆಗೆದು ಬಿಚ್ಚಿ ಹಿಡಿದರು. ನಾನು ಗೋಂದು ಹಚ್ಚಿ, ಬ್ಲೇಡಿನ ಗುರುತಿಗೆ ಗುರುತು ಕೂಡಿಸಿ ಅಂಟಿಸಿದೆ. ಅವರು ಹೆಬ್ಬೆರಳಿನಿಂದ ಅಂಚು ಒತ್ತಿ ನೋಡಿ, ಕೊನೆಯ ಹಾಳೆ ತೆರೆದು ಪೆನ್ನು ಕೊಟ್ಟರು. ನಾಲ್ಕನೆಯ ಸಾಲಿನಲ್ಲಿ ನನ್ನ ಪೆನ್ಸಿಲ್ ಹಾಗೇ ಇತ್ತು, ರುದ್ರಪ್ಪನವರು ಅಳಿಸಿರಲಿಲ್ಲ. ಪುಸ್ತಕ ವಾಪಸ್ಸು ಬಂದ ಮೇಲೆ ಕೆಳಗೆ ಇಂಕಿನಲ್ಲಿ ಬರೆದಿದ್ದರು, "ಪುಟ ತೊಂಬತ್ತಾರು ಇಲ್ಲ. ತೆಗೆದವರು: ರುದ್ರಪ್ಪ." ಕೆಳಗೆ ಅವರ ಸಹಿ, ಗೆರೆಯಿಂದ ಗೆರೆಗೆ ನೆಟ್ಟಗೆ.

ಆ ಪುಸ್ತಕಕ್ಕಾಗಿ ಕಾಯುತ್ತಿದ್ದ ಹುಡುಗಿ ನನ್ನ ಭುಜದ ಮೇಲಿಂದ ಬಗ್ಗಿ ಅದನ್ನು ಓದಿದಳು. "ಈ ತಾತ ಯಾಕೆ ಕಿತ್ಕಂಡ್ರು ಆಂಟಿ?" ಎಂದಳು.

ಖಾದರ್ ಚೈನಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿದರು. ರಸ್ತೆಯಲ್ಲಿ ಜಗಳೂರಿನ ಬಸ್ಸು ಹೋಯಿತು. ನನ್ನ ಅಂಗೈ ಬೆವರಿ ಪೆನ್ನು ಜಾರುತ್ತಿತ್ತು.

"ಅವರು ಕೀಳಲಿಲ್ಲಮ್ಮ" ಎಂದೆ. "ನಾನು ಕಿತ್ತಿದ್ದು."